ಕೊನೆಗೂ ಒಪ್ಪಿದ ವಿಭಾಗ

"ಕಾಗದ ಬೇಡಮ್ಮಾ, ಕಂಪ್ಯೂಟರಲ್ಲೇ ಬರಲಿ," ಎಂದು ಹಣಕಾಸು ವಿಭಾಗದ ಮುಖ್ಯಸ್ಥರು ಅವಳು ಚಾಚಿದ ಆದೇಶವನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು.

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ವಿಶ್ವವಿದ್ಯಾಲಯದ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಲೆಂದೇ ಗುತ್ತಿಗೆಯ ಮೇಲೆ ಬಂದವಳು ಅವಳು. ಇಲ್ಲಿ ಒಂದೊಂದು ವಿಭಾಗವೂ ಒಂದೊಂದು ಸಂಸ್ಥಾನ. ಯಾರ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವವರಲ್ಲ. ಉಳಿದವರನ್ನು ಹೇಗೋ ಪುಸಲಾಯಿಸಿದ್ದಳು. ಈ ಮಹಾನುಭಾವರು ಮಾತ್ರ ಜಪ್ಪಯ್ಯ ಎಂದರೂ ಬಗ್ಗದೆ, ಕಂಪ್ಯೂಟರಿಗೆ ಟವೆಲ್ ಹೊದಿಸಿ ಅದರ ಮುಂದೆ ಕಡತಗಳ ಗೋಡೆ ಕಟ್ಟಿಕೊಂಡು ಕೂತಿದ್ದರು. ಅವರನ್ನು ಒಪ್ಪಿಸುವಷ್ಟರಲ್ಲಿ ಅವಳ ಗಂಟಲಿನ ಪಸೆ ಆರಿತ್ತು.

ನಿನ್ನೆಗೆ ಅವಳ ಗುತ್ತಿಗೆ ಮುಗಿದಿತ್ತು. ಮುಂದುವರಿಸುವ ಆದೇಶಕ್ಕೆ ಕುಲಸಚಿವರ ಸಹಿಯೇನೋ ಬಿದ್ದಿತ್ತು, ಆದರೆ ಹಣಕಾಸು ವಿಭಾಗ ಇವತ್ತೇ ಒಪ್ಪದಿದ್ದರೆ ಕೆಲಸ ಹೋದಂತೆಯೇ. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಅವಳಿಗೆ ನಿಜಕ್ಕೂ ಭಯವಾಗಿತ್ತು.

"ಸರ್, ಕುಲಸಚಿವರ ಸಹಿ ಇದೆ, ಮೊಹರಿದೆ. ನೀವೇ ನೋಡಿ."

"ಸಹಿ ಬೇಡ ಅಂದವರ್ಯಾರು? ಕಾಗದದಲ್ಲಿ ಬಂದಿದ್ದನ್ನ ಯಾವ ವಿಭಾಗವೂ ತಗೋಬಾರದು ಅಂತ ಸುತ್ತೋಲೆ ಬರೆದವರು ಯಾರು?"

"ನಾನೇ ಸರ್."

"ಮತ್ತೆ? ಕಂಪ್ಯೂಟರಿಗೆ ಹಾಕಿ ಕಳಿಸಿ. ಒಂದು ನಿಮಿಷದ ಕೆಲಸ ಅಂತಿದ್ರಲ್ಲ."

"ಗುತ್ತಿಗೆ ಮುಗೀತಲ್ಲ ಸರ್, ಕಂಪ್ಯೂಟರು ನನ್ನನ್ನ ಒಳಗೇ ಬಿಡ್ತಿಲ್ಲ."

"ಬೇರೆ ಯಾರಾದ್ರೂ ಹಾಕಲಿ."

"ಒಂದು ವಿಭಾಗದಿಂದ ಇನ್ನೊಂದಕ್ಕೆ ಕಡತ ದಾಟಿಸೋ ಅಧಿಕಾರ ಇರೋದು ನನಗೊಬ್ಬಳಿಗೇ. ನಮ್ಮ ಕಡತ ಬೇರೆಯವರು ಮುಟ್ಟಬಾರದು ಅಂತ ಎಲ್ಲರೂ ಹಟ ಹಿಡಿದ್ರಲ್ಲ, ಅದಕ್ಕೇ ಹಾಗೆ ಮಾಡಿಸ್ದೆ."

ಮುಖ್ಯಸ್ಥರು ನಗಲಿಲ್ಲ. ಅವರ ಮುಖದಲ್ಲಿ ಮರುಕವೇ ಇತ್ತು. ಅವಳಿಗೆ ಅದು ಇನ್ನಷ್ಟು ಚುಚ್ಚಿತು.

"ಒಂದೇ ಒಂದು ಸಲ ಹಳೇ ಥರ ಮಾಡಿಬಿಡಿ ಸರ್," ಎಂದು ಅಂಗಲಾಚಿದಳು.

"ಇದೇ ಮಾತನ್ನ ನಾನು ವರ್ಷವಿಡೀ ನಿಮ್ಮ ಹತ್ರ ಕೇಳ್ಕೊಂಡೆ. ನೀವು ಜಗ್ಗಿದ್ರಾ? ಒಬ್ಬರಿಗೆ ಸಡಿಲ ಬಿಟ್ರೆ ಎಲ್ಲಾ ಕೆಡುತ್ತೆ ಅಂದ್ರಿ. ಯೋಚನೆ ಮಾಡಿದ್ರೆ, ನೀವು ಹೇಳಿದ್ದೇ ಸರಿ ಅನ್ನಿಸ್ತು."

ಅವರು ಪರದೆಯನ್ನು ಅವಳತ್ತ ತಿರುಗಿಸಿದರು. ಅದರಲ್ಲಿ ಏನೂ ಬಂದಿರಲಿಲ್ಲ.

"ನಿಮ್ಮ ಕಡತ ಬಂದ ತಕ್ಷಣ ಒಪ್ಪಿಗೆ ಒತ್ತೋಣ ಅಂತ ಬೆಳಗಿನಿಂದ ಟೀಗೂ ಎದ್ದಿಲ್ಲ ಕಣಮ್ಮಾ ನಾನು."