ಅಂಜಲೈಯನ್ನು ಕದ್ದವರು

ತನ್ನ ಕೆಲಸದವಳನ್ನು ಕದ್ದವರು ಯಾರೆಂದು ವಾಸಂತಿಗೆ ಮೊದಲ ವಾರವೇ ಗೊತ್ತಾಗಿಹೋಗಿತ್ತು. ಎದುರುಮನೆಯ ಕಲಾವತಿ. ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ.

ಅಂಜಲೈ ಆರು ವರ್ಷದಿಂದ ಅಣ್ಣಾ ನಗರದ ವಾಸಂತಿಯ ಮನೆಯಲ್ಲಿ ಪಾತ್ರೆ ತೊಳೆದವಳು. ಪೂನಮಲ್ಲಿಯಾಚೆಯ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಹಬ್ಬಕ್ಕೂ ತಪ್ಪಿಸಿದವಳಲ್ಲ. ಆ ಮನೆಯಲ್ಲೇ ಕನ್ನಡ ಕಲಿತು, ತಮಿಳು ಬೆರೆಸಿ ಮಾತಾಡುತ್ತಿದ್ದಳು. ಅಂಥವಳು ೧೯೭೯ರ ಜೂನ್‌ನಲ್ಲಿ ಒಂದು ದಿನ, "ನಾಳೆಯಿಂದ ಬರಲ್ಲಮ್ಮಾ, ಮನ್ನಿಚ್ಚುಕ್ಕೋಂಗ," ಎಂದು ಕ್ಷಮೆ ಕೇಳಿ, ಕೈ ಒರೆಸಿಕೊಂಡು ಹೋದಳು. ಸಂಬಳ ಹೆಚ್ಚಿಸುತ್ತೇನೆಂದರೂ ನಿಲ್ಲಲಿಲ್ಲ. ಕಾರಣ ಕೇಳಿದರೆ ನೆಲ ನೋಡಿದಳು.

ಅದೇ ವಾರ ಕಲಾವತಿಯ ಮನೆಮುಂದೆ ಹಿತ್ತಾಳೆ ಕೊಡಗಳು ಫಳಫಳ ಹೊಳೆಯತೊಡಗಿದವು.

"ಅವಳದೇ ಕೆಲಸ ರೀ," ಎಂದಳು ವಾಸಂತಿ ಗಂಡನಿಗೆ. "ಗಂಡ ಕೃಷ್ಣಪ್ರಸಾದ್ ರೈಲ್ವೇಲಿ ದೊಡ್ಡ ಆಫೀಸರ್ ಅಲ್ವಾ, ದುಡ್ಡಿನ ಕೊಬ್ಬು. ಜಾಸ್ತಿ ಕೊಟ್ಟು ಎಳ್ಕೊಂಡಿದಾಳೆ."

ಗಂಡ ಕಮಲಾಕರ ವಿಮಾ ಕಂಪನಿಯಲ್ಲಿ ಗುಮಾಸ್ತ. ಮನೆಯಲ್ಲಿ ಎಂದೂ ದನಿ ಎತ್ತಿದವನಲ್ಲ. "ಹೋದವಳು ಹೋದಳು ಬಿಡು. ಪಾತ್ರೆ ನಾನು ತೊಳೀತೀನಿ," ಎಂದು ಪಂಚೆ ಎತ್ತಿ ಕಟ್ಟಿದ. ನಿಜವಾಗಿಯೂ ತೊಳೆದ. ಗೊಣಗದೆ ತೊಳೆದ. ಭಾನುವಾರ ಮಾತ್ರ ಅವನಿಗೆ ಬಿಡುವು: ಬೆಸೆಂಟ್ ನಗರದಲ್ಲಿ ಗೆಳೆಯ ಮುರಳೀಧರನ ಜೊತೆ ಚೆಸ್. ಕಡಲ ದಂಡೆಯಲ್ಲೇ ಕೂತು ಆಡುತ್ತಾರಂತೆ. ಸಂಜೆ ಮುಖ ಕಪ್ಪಾಗಿಸಿಕೊಂಡು ಬಂದು, ಎರಡು ಪಾಲು ಉಂಡು, ಮರದ ತುಂಡಿನಂತೆ ಮಲಗಿಬಿಡುತ್ತಿದ್ದ.

ವಾಸಂತಿ ಕಿಟಕಿಯಲ್ಲಿ ಕೂತು ಎದುರುಮನೆ ಕಾದಳು. ಅಂಜಲೈ ಒಳಹೋಗಿದ್ದನ್ನು ಒಮ್ಮೆಯೂ ಕಾಣಲಿಲ್ಲ. ಅದರಿಂದ ಸಂಶಯ ಇನ್ನೂ ಗಟ್ಟಿಯಾಯಿತು. ಕಲಾವತಿ ಅಷ್ಟು ಜಾಣೆ. ಹಿತ್ತಿಲ ಬಾಗಿಲಿಂದ ಕರೆಸುತ್ತಿರಬೇಕು.

ದಸರೆ ಹತ್ತಿರ ಬಂತು. ಬೊಂಬೆ ಕೂರಿಸಬೇಕು, ಬೀದಿಯ ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ಬರುತ್ತಾರೆ. ಅಡುಗೆಮನೆಯಲ್ಲಿ ಗಂಡಸು ಪಾತ್ರೆ ಉಜ್ಜುತ್ತಿರುವುದನ್ನು ಅವರೆಲ್ಲ ನೋಡುವುದೇ?

"ಅವಳ ಹಳ್ಳಿಗೇ ಹೋಗಿ ಕೇಳ್ತೀನಿ," ಎಂದಳು.

"ಈ ಬಿಸಿಲಲ್ಲಿ ನೀನ್ಯಾಕೆ ಹೋಗ್ತೀಯ? ನಾನೇ ವಿಚಾರಿಸ್ತೀನಿ," ಎಂದ ಕಮಲಾಕರ.

ಅವನು ವಿಚಾರಿಸಿದರೆ ಆದಂತೆಯೇ. ಭಾನುವಾರ ಅವನು ಚೆಸ್ಸಿಗೆ ಹೊರಟ ಮೇಲೆ ವಾಸಂತಿ ಪೂನಮಲ್ಲಿ ಬಸ್ಸು ಹತ್ತಿದಳು.

ಮುರುಕು ಗುಡಿಸಲು ಕಾಣಬಹುದೆಂದುಕೊಂಡಿದ್ದಳು. ಕಂಡದ್ದು ಹೊಸ ಗರಿ ಹೊದಿಸಿದ ಮನೆ, ಮುಂದೆ ಒಂದು ಹಾಲು ಕೊಡುವ ಎಮ್ಮೆ, ಜಗುಲಿಯಲ್ಲಿ ಪಾಠ ಓದುತ್ತಿದ್ದ ಮಗಳು. ಅಂಜಲೈ ಮೈಕೈ ತುಂಬಿಕೊಂಡಿದ್ದಳು. ವಾಸಂತಿಯನ್ನು ಕಂಡು ಅವಳ ಮುಖ ಬಿಳುಚಿತು.

"ಕಲಾವತಿ ಎಷ್ಟು ಕೊಡ್ತಾಳೆ?" ಎಂದಳು ವಾಸಂತಿ ನಿಂತಲ್ಲೇ.

"ಎದುರುಮನೆ ಅಮ್ಮಾನಾ? ಅವರ ಮನೆ ಮೆಟ್ಟಿಲೂ ಹತ್ತಿಲ್ಲಮ್ಮಾ. ಯಾರ ಮನೆ ಕೆಲಸಕ್ಕೂ ಹೋಗ್ತಿಲ್ಲ."

"ಮತ್ತೆ ಇದೆಲ್ಲ?"

ಅಂಜಲೈ ಮಣೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟು ಹೇಳಿದಳು. ಒಂದು ಎಕರೆ ಗದ್ದೆ ಮೊದಲಿಂದಲೂ ಇತ್ತು. ಬಾವಿ ಹೂಳು ತುಂಬಿತ್ತು, ಬಿತ್ತನೆಗೆ ಕಾಸಿರಲಿಲ್ಲ. ಗಂಡ ಕೊತ್ತವಾಲ್ ಚಾವಡಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ, ಗದ್ದೆ ಬೀಳುಬಿದ್ದಿತ್ತು. ಹೋದ ವರ್ಷ ಒಬ್ಬ ಸಾರ್ ತಿಂಗಳು ತಿಂಗಳು ದುಡ್ಡು ಕೊಡಲು ಶುರುಮಾಡಿದರು. ಕೈಗೇ.

"ಮೊದಲ ತಿಂಗಳು ಹೊಟ್ಟೆ ತುಂಬ ತಿಂದ್ವಿ, ಅಷ್ಟೇ. ಆಮೇಲೆ ಬಾವಿ ತೋಡಿಸಿದ್ವಿ. ಒಂದು ತಿಂಗಳು ಎಲ್ಲರೂ ಪಡಂಗೆ ಹೋಗಿಬಂದ್ವಿ, ಮೂರು ಸಿನಿಮಾ. ಅದಕ್ಕೂ ಅವರು ಏನೂ ಕೇಳಲಿಲ್ಲ. ಈಗ ನಮ್ಮ ಮನೆಯವರು ಮೂಟೆ ಬಿಟ್ಟು ಗದ್ದೇಲೇ ಇದಾರೆ."

"ಯಾರು ಆ ಮಹಾನುಭಾವ?"

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ನಿಮ್ಮ ಬೀದಿಯವರೇ. ಓವರ್‌ಟೈಮ್ ದುಡ್ಡಂತೆ, ಮನೇಲಿ ಗೊತ್ತಿಲ್ಲ. ಮನೆಯಮ್ಮ ಸ್ವಲ್ಪ ಜೋರು."

ವಾಸಂತಿಯ ಕಣ್ಣುಗಳು ಅಗಲವಾದವು. ಕೃಷ್ಣಪ್ರಸಾದ್. ಕಲಾವತಿಯ ಗಂಡ, ಹೆಂಡತಿಯ ಕಣ್ಣಿಗೆ ಮಣ್ಣೆರಚಿ ಇಲ್ಲಿ ದಾನಶೂರನಾಗಿದ್ದಾನೆ.

"ಸುಮ್ಮನೆ ಯಾಕೆ ಕೊಡ್ತಾನೆ?"

"ಅವರಪ್ಪ ಊರಲ್ಲಿದ್ದ ಗದ್ದೆ ಮಾರಿಬಿಟ್ಟರಂತೆ, ಇವರು ಚಿಕ್ಕೋರಿದ್ದಾಗ. ನನ್ನ ಹತ್ರ ಒಂದೇ ಕೇಳಿದ್ರು. ಭಾನುವಾರ ನಿಮ್ಮ ಗದ್ದೆಗೆ ಇಳಿಯೋಕೆ ಬಿಡು ಅಂತ. ಪಾವಂ, ನಾಟಿ ಅವರಿಗೆ ಬರಲ್ಲ. ಅವರು ಹೋದ ಮೇಲೆ ನಾವು ಕಿತ್ತು ಸರಿಯಾಗಿ ನೆಡ್ತೀವಿ."

ವಾಸಂತಿಗೆ ನಗು ತಡೆಯಲಾಗಲಿಲ್ಲ. "ಇಂಥವನನ್ನು ಕಟ್ಕೊಂಡು ಅವಳಿಗೆ ಒಂದು ಚೂರೂ ಗೊತ್ತಾಗಿಲ್ವಾ? ಕಣ್ಣು ಎಲ್ಲಿಟ್ಕೊಂಡಿದಾಳೆ ಆ ಹೆಂಗಸು?"

ಅಂಜಲೈ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದಳು.

"ಇವತ್ತು ಭಾನುವಾರ. ಬಂದಿದಾನಾ?"

"ಬೇಡಮ್ಮಾ, ಅವರಿಗೆ ನಾಚಿಕೆಯಾಗುತ್ತೆ," ಎಂದು ಅಂಜಲೈ ಅಡ್ಡ ನಿಂತಳು. ಅಷ್ಟರಲ್ಲಿ ವಾಸಂತಿ ಸೆರಗು ಬಿಗಿದು ಮನೆಯ ಹಿಂದಿನ ಬದು ಹಿಡಿದಿದ್ದಳು. ಬೀದಿಯ ಹೆಂಗಸರಿಗೆ ಇದನ್ನು ಹೇಗೆ ಹೇಳುವುದು, ಯಾರ ಮನೆಯಿಂದ ಶುರುಮಾಡುವುದು ಎಂಬುದೆಲ್ಲ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಗದ್ದೆಯ ತುಂಬ ನೀರು. ನಾಟಿ ಹೆಂಗಸರು ಒಂದು ಕಡೆ ಸಾಲಾಗಿ ಬಗ್ಗಿದ್ದರು. ಇನ್ನೊಂದು ಮೂಲೆಯಲ್ಲಿ ತಲೆಗೆ ಟವೆಲು ಸುತ್ತಿದ ಒಬ್ಬ ಗಂಡಸು, ಇವಳಿಗೆ ಬೆನ್ನು ಮಾಡಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಪೈರು ನೆಡುತ್ತಿದ್ದ. ಸಾಲು ಹಾವಿನಂತೆ ಸೊಟ್ಟಗಿತ್ತು. ಏನೋ ಗುನುಗುತ್ತಿದ್ದ. ಅಷ್ಟು ಸುಖವಾಗಿರುವ ಮನುಷ್ಯನನ್ನು ವಾಸಂತಿ ಹತ್ತಿರದಲ್ಲಿ ನೋಡಿದ್ದೇ ಇಲ್ಲ.

"ಚೆನ್ನಾಗಿದೆ ವ್ಯವಸಾಯ," ಎಂದಳು ಗಟ್ಟಿಯಾಗಿ.

ಗುನುಗು ನಿಂತಿತು. ಗಂಡಸು ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ನೆಟ್ಟಗಾದ, ತಿರುಗಿದ.

"ನೋಡ್ಕೊಂಡು ಬಾ ವಾಸಂತಿ, ಬದು ಜಾರುತ್ತೆ," ಎಂದ ಕಮಲಾಕರ.