ಕೈಗುಣದ ಮುಳ್ಳು

ದೇವರು ಕೊಟ್ಟ ಕೈಗುಣವನ್ನು ಸರ್ಕಾರ ಯಂತ್ರದಲ್ಲಿ ಅಳೆಯುತ್ತಿದ್ದ ಕಾಲ. ಮೂಳೆ ಕಟ್ಟುವ ದ್ಯಾವೀರಮ್ಮ ಆರೋಗ್ಯ ವಿಮೆ ಯೋಜನೆಗೆ ಹೆಸರು ಬರೆಸಲು ಬಂದು, ಕುಲದೇವರನ್ನು ನೆನೆದು ಯಂತ್ರದ ಮೇಲೆ ಎಡ ಅಂಗೈ ಇಟ್ಟಳು. ಮುಳ್ಳು ತೊಂಬತ್ತಕ್ಕೇರಿತು.

“ಚಿಕಿತ್ಸೆಗೆ ಎಷ್ಟು ತಗೋತೀಯ, ಬರಿ,” ಎಂದ ಗುಮಾಸ್ತ, ತನ್ನ ಉಳುಕಿದ ಮಣಿಕಟ್ಟು ನೀವಿಕೊಳ್ಳುತ್ತ.

ಅವಳು ಬರೆದ ಕೂಡಲೇ ಮುಳ್ಳು ಸೊನ್ನೆಗೆ ಬಿತ್ತು. ಬರೆದದ್ದನ್ನು ಹೊಡೆದುಹಾಕಿದಳು. ಮತ್ತೆ ಏರಿತು.

“ಕಾಸು ಮುಟ್ಟಿದ್ರೆ ಕೈಗುಣ ನಿಲ್ಲಾಕಿಲ್ಲ ಸ್ವಾಮಿ. ಹಂಗೇ ಸೇರಿಸ್ಕಳಿ.”

“ಖಾಲಿ ಅರ್ಜಿ ತಗೊಳ್ಳೋಕೆ ಇದೇನು ನಿಮ್ಮಪ್ಪನ ಛತ್ರನಾ? ಹೆಸರಿಲ್ಲದೋರು ಇನ್ಮೇಲೆ ಯಾರನ್ನೂ ಮುಟ್ಟಂಗಿಲ್ಲ.”

“ಹೊರಗೆ ತೊಡೆ ಮುರ್ದಿರೋನ್ನ ಮಲಗಿಸೌರೆ...”

“ಮಲಗಿರ್ಲಿ.”

ಅವಳ ಅಂಗೈಯನ್ನು ಉಳುಕಿದ ಕೈಯಿಂದಲೇ ಎಳೆದು, ಅದುಮಿ ಹಿಡಿದು, ಇನ್ನೊಂದರಿಂದ ನಿಷೇಧದ ಮೊಹರು ಒತ್ತಿದ.

“ಮುಂದಿನೋರು!” ಎಂದು ಅದೇ ಉಳುಕಿದ ಕೈ ಬೀಸಿ ಕರೆದ. ಮಣಿಕಟ್ಟು ನೋಯಲಿಲ್ಲ.