ಆನೆಕಾಸಿನ ಕಿಲುಬು

ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಚ್ಚಲಿಗೆ ಬಂದ ಚಲುವರಾಜು ಅಲ್ಲೇ ನಿಂತುಬಿಟ್ಟ. ಅಕ್ಕ ಬೆಟ್ಟಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ, ತೆಂಗಿನ ನಾರಿನಿಂದ ಗಸಗಸ ತಿಕ್ಕುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಹನ್ನೊಂದು ತಾಮ್ರದ ಕಾಸುಗಳು ಕೆಂಪಗೆ ಫಳಫಳ ಹೊಳೆಯುತ್ತಿದ್ದವು. ಹನ್ನೆರಡನೆಯದು ಅವಳ ಕೈಯಲ್ಲಿತ್ತು.

"ಎದ್ಯಾ? ನೋಡ್ಲಾ ಚಲುವ, ಎಂಗಾದ್ವು! ಕಿಟಕಿ ಮೇಲೆ ಬಟ್ಲಲ್ಲಿ ಎಣ್ಣೆ ಒಳಗೆ ಬಿದ್ದು, ಕಿಲುಬು ಇಡ್ಕಂಡು ಒದ್ದಾಡ್ತಿದ್ವು. ಒಂಟಿ ಗಂಡ್ಸಿನ ಮನೆ ಅಂದ್ರೆ ಇಷ್ಟೇಯ."

ಅವು ಎಣ್ಣೆಗೆ ಬಿದ್ದದ್ದಲ್ಲ, ಹದಿನಾಲ್ಕು ತಿಂಗಳ ಹಿಂದೆ ಅವನೇ ಹಾಕಿಟ್ಟದ್ದು. ಅರಸರ ಕಾಲದ, ಮೇಲೆ ಆನೆಯ ಅಚ್ಚಿರುವ ಹಳೆಯ ಆನೆಕಾಸುಗಳು. ಅಂಥ ಕಾಸಿನ ಹಸಿರು ಕಿಲುಬನ್ನು ಅವಸರ ಮಾಡದೆ ಬಿಡಿಸಬೇಕು. ಎಣ್ಣೆಯಲ್ಲಿ ನೆನೆಹಾಕಿ, ವಾರಕ್ಕೊಮ್ಮೆ ತೆಗೆದು, ಭೂತಗನ್ನಡಿ ಹಿಡಿದು, ಚೂಪು ಮಾಡಿದ ಬಿದಿರುಕಡ್ಡಿಯಿಂದ ಸಾಸಿವೆಯಷ್ಟು ಸಾಸಿವೆಯಷ್ಟೇ ಎಬ್ಬಿಸಬೇಕು. ಕೆಳಗಿನ ಕಂದುಬಣ್ಣವೇ ಕಾಸಿನ ಚರ್ಮ, ಅದಕ್ಕೆ ಏಟಾಗಬಾರದು. ಹುಳಿ, ಉಪ್ಪು ಹತ್ತಿರಕ್ಕೂ ಸುಳಿಯಬಾರದು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಈ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಚಲುವರಾಜುವಿನ ಭಾನುವಾರಗಳೆಲ್ಲ ಕಳೆದದ್ದು ಹೀಗೆಯೇ. ಶನಿವಾರ ಪಾಂಡವಪುರದ ಆಫೀಸಿನಲ್ಲಿ "ಬರ್ತೀನಿ" ಅಂದು ಹೊರಟರೆ, ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳುವವರೆಗೆ ಅವನ ಬಾಯಿಗೆ ಕೆಲಸವಿರುತ್ತಿರಲಿಲ್ಲ. ಹೋದ ತಿಂಗಳು ಕಿಲುಬಿನೊಳಗಿಂದ ಒಂದು ಆನೆಗೆ ಬಾಲ ಮೂಡಿದಾಗ ಮಾತ್ರ "ಬಂದ್ಯಾ?" ಅಂದಿದ್ದ. ಐವತ್ತೆರಡು ವರ್ಷದ ಗಂಡಸು ಕಾಸಿನ ಜೊತೆ ಮಾತಾಡುತ್ತಾನೆಂದು ಬೀದಿಗೆ ಗೊತ್ತಾಗಿದ್ದರೆ ನಗೆಪಾಟಲಾಗುತ್ತಿತ್ತು.

ಅಕ್ಕನ ಕೈಯಲ್ಲಿದ್ದದ್ದು ಅದೇ ಕಾಸು.

"ಯಾರ್ ನಿಂಗೆ..." ಅಂದುಬಿಟ್ಟ. ನಾರು ಹಿಡಿದ ಕೈ ನಿಂತಿತು. ಬೆಟ್ಟಮ್ಮ ತಲೆಯೆತ್ತಿ ಅವನನ್ನೇ ನೋಡಿದಳು.

ಮಾತು ಆಡಿದರೆ ಹೋಯಿತು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಅವ್ವನ ತಿಥಿಯಲ್ಲಿ, ಎಡೆಗೆ ಏನಿಡಬೇಕು ಎಂಬ ಕಡ್ಡಿಯಷ್ಟು ಜಗಳಕ್ಕೆ, ನೆಂಟರೆಲ್ಲರ ಮುಂದೆ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ನೀನ್ ಸುಮ್ಕಿರು" ಅಂದಿದ್ದ. ಬೆಟ್ಟಮ್ಮ ಎಲೆಯ ಮುಂದಿನಿಂದ ಎದ್ದು ಸಂತೆಬಾಚಹಳ್ಳಿಗೆ ಹೊರಟುಹೋದಳು. ಆಮೇಲೆ ಅವನ ಹೊಸ್ತಿಲು ತುಳಿದದ್ದು ನಿನ್ನೆಯೇ. ಮೈಸೂರಿನಲ್ಲಿ ಕಣ್ಣು ತೋರಿಸಿಕೊಂಡು ಬರುವಾಗ ಊರ ಕಡೆಗೆ ಹೋಗುವ ಕೆ.ಆರ್. ಪೇಟೆಯ ಕಡೇ ಬಸ್ಸು ತಪ್ಪಿತ್ತು. "ಬೆಳಿಗ್ಗೆ ಅತ್ತು ಗಂಟೆ ಬಸ್ಸಿಗೆ ಓಯ್ತೀನಿ" ಎಂದು ಒಳಗೆ ಕಾಲಿಡುವ ಮೊದಲೇ ಹೇಳಿದ್ದಳು.

"ಯಾರ್ ನಂಗೆ ಏನು?" ಅಂದಳು ಈಗ, ಮೆಲ್ಲಗೆ.

ಚಲುವರಾಜು ಬಾಯೊಳಗಿನ ನೊರೆ ಉಗಿದ. "ಯಾರ್ ನಿಂಗೆ ಇಷ್ಟೊತ್ತಿಗೇ ತಣ್ಣೀರಲ್ಲಿ ಕೂರು ಅಂದಿದ್ದು, ಅಂದೆ."

"ತಮ್ಮನ ಮನೆಗ್ ಬಂದು ಸುಮ್ಕೆ ಉಂಡೋಗ್ಲಾ? ತಾಮ್ರ ಕಪ್ಪಿಟ್ಟಿದ್ರೆ ಮನೇಲಿ ಎಂಗ್ಸು ಇಲ್ಲ ಅಂತ ಗೊತ್ತಾಯ್ತದೆ ಅನ್ನೋಳು ಅವ್ವ." ಬೆಟ್ಟಮ್ಮ ಕಾಸನ್ನು ತೊಳೆದು ಚಾಚಿದಳು. "ಕಣ್ಗೆ ಎಲ್ಲಾ ಮಂಜು ಮಂಜು. ಕಿಲುಬು ಸರ್ಯಾಗಿ ಓಗದಾ ನೋಡು."

ಸರಿಯಾಗಿಯೇ ಹೋಗಿತ್ತು. ಕಂದುಬಣ್ಣದ ಜೊತೆಗೆ ಬಾಲವೂ ಹೋಗಿತ್ತು, ಸೊಂಡಿಲೂ ಹೋಗಿತ್ತು. "ಚೆನ್ನಾಗದೆ ಕಣಕ್ಕ" ಅಂದ.

ಬೆಟ್ಟಮ್ಮ ಕೈ ಒರೆಸಿಕೊಂಡು ಎದ್ದಳು. ಸೀರೆ ಸರಿಮಾಡಿಕೊಂಡು, ಔಷಧಿಯ ಚೀಟಿಯನ್ನು ಚೀಲಕ್ಕೆ ತುರುಕಿದಳು. "ಒಂಬತ್ತಾಯ್ತಾ ಬಂತೇನೋ. ಬಸ್ ಸ್ಟಾಂಡ್‌ಗಂಟ ಬಂದು ಬಸ್ ಅತ್ತಿಸ್ಬುಡು. ಬೋರ್ಡು ಕಾಣಕಿಲ್ಲ."

ಅವನು ಬೀರುವಿನ ಮುಂದೆ ಹೋಗಿ ನಿಂತ. ಒಳಗೆ ಬಿಸ್ಕತ್ತಿನ ಹಳೆಯ ಡಬ್ಬವಿತ್ತು. ಡಬ್ಬದೊಳಗೆ, ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿಟ್ಟ ಎಪ್ಪತ್ತು ಎಂಬತ್ತು ಕಾಸುಗಳು. ಎಲ್ಲವೂ ಸೊಂಡಿಲು, ಬಾಲ, ದಂತ ಸಮೇತ ಕಿಲುಬು ಬಿಟ್ಟು ಎದ್ದು ಬಂದ ಆನೆಗಳು. ಎಷ್ಟೋ ವರ್ಷದ ಭಾನುವಾರಗಳ ಕೆಲಸ. ಬೀಗದ ಕೈ ಹಿಡಿದು ಬಹಳ ಹೊತ್ತು ನಿಂತಿದ್ದ. ಆಮೇಲೆ ಡಬ್ಬ ತೆಗೆದು, ಹತ್ತಿಯನ್ನೆಲ್ಲ ಬಿಡಿಸಿ, ಕಾಸುಗಳನ್ನು ತಂದು ಅಕ್ಕನ ಮುಂದೆ ಸುರಿದ.

"ಇನ್ನೂ ಅವೆ ಕಣಕ್ಕ."

"ಅಯ್ ಸಿವ್ನೆ!" ಬೆಟ್ಟಮ್ಮ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ಇಷ್ಟೊಂದಾ? ಎಲ್ಲಾ ಕಪ್ಪಿಟ್ಟೋಗವೆ! ಇವನ್ನ ತಿಕ್ಕಾಕೆ ಸಂಜೆ ಆಯ್ತದೆ ಕಣ್ಲಾ." ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿ ಮತ್ತೆ ನೆರಿಗೆ ಸಿಕ್ಕಿಸಿದಳು. "ಓಗ್ಲಿ, ಸಂಜೆ ಬಸ್ಸಿಗೆ ಓಯ್ತೀನಿ ಬುಡು. ಉಣ್ಸೆಅಣ್ಣು ಮುಗ್ದೋಗದೆ, ತಕಬಾ ಓಗು."

ಬೀದಿ ಕೊನೆಯ ಅಂಗಡಿಯ ದ್ಯಾವಯ್ಯ ಈ ಗಿರಾಕಿಗೆ ಎಂದೂ ಐವತ್ತು ಗ್ರಾಂಗಿಂತ ಹೆಚ್ಚು ಹುಣಸೆಹಣ್ಣು ಕಟ್ಟಿದವನಲ್ಲ. ಚಲುವರಾಜು ಅರ್ಧ ಕೆಜಿ ಅಂದಾಗ ತಕ್ಕಡಿ ಬಿಟ್ಟು ಅವನ ಮುಖ ನೋಡಿದ.

"ಏನ್ ಸಾ, ಅರ್ಧ ಕೆಜಿ? ಮನೆಗ್ ಯಾರಾರ ಬಂದವ್ರಾ?"

"ನಮ್ಮಕ್ಕ ಬಂದವ್ಳೆ," ಅಂದ ಚಲುವರಾಜು. ದುಡ್ಡು ತೆಗೆಯುತ್ತಾ, "ಒಂದ್ ಕೆಜೀನೇ ಕೊಟ್ಬುಡು" ಅಂದ.